ಬಿಸಿಲೇ ಕಥೆ ನಡೆಸುವ ಚಿತ್ರ: ಕುರೊಸಾವಾ ಅವರ ‘ಸ್ಟ್ರೇ ಡಾಗ್’

ಮೇ ತಿಂಗಳ ಮಧ್ಯಾಹ್ನ ಬಿಸಿಲು 42 ಡಿಗ್ರಿ ದಾಟಿ, ಕರೆಂಟು ಹೋಗಿ, ಕೂಲರ್ ನಿಂತುಹೋದಾಗ ಶಹಾಬಾದ್ ಪರಸಿಯ ನೆಲಕ್ಕೆ ನೀರು ಚಿಮುಕಿಸಿ ಅದಕ್ಕೆ ಬೆನ್ನು ಹಚ್ಚಿ ಮಲಗುವುದು ಕಲಬುರಗಿಯವರಾದ ನಮಗೆ ಹೊಸದಲ್ಲ. ಜಪಾನಿನ ಅಕಿರಾ ಕುರೊಸಾವಾ ಅವರು 1949ರಲ್ಲಿ ನಿರ್ದೇಶಿಸಿದ ‘ಸ್ಟ್ರೇ ಡಾಗ್’ ಚಿತ್ರದಲ್ಲಿ ಇದಕ್ಕೆ ಬಹಳ ಹತ್ತಿರವಾದ ಒಂದು ದೃಶ್ಯವಿದೆ. ಕುಣಿತ ಮುಗಿಸಿ ಒಳಗೆ ಬಂದ ಹುಡುಗಿಯರು ರಂಗದ ಹಿಂದಿನ ಇಕ್ಕಟ್ಟಾದ ಕೋಣೆಯಲ್ಲಿ ಒಬ್ಬರ ಮಗ್ಗುಲಲ್ಲಿ ಒಬ್ಬರು ಬಿದ್ದುಕೊಂಡು ಏದುಸಿರು ಬಿಡುತ್ತಾರೆ. ಯಾರ ಬಾಯಲ್ಲೂ ಮಾತಿಲ್ಲ. ಕ್ಯಾಮೆರಾ ಅವರ ಬೆವೆತ ಮೈಗಳ ತೀರ ಸಮೀಪಕ್ಕೆ ಹೋಗುತ್ತದೆ. ಎಪ್ಪತ್ತು ವರ್ಷಕ್ಕೂ ಹಳೆಯದಾದ ಈ ಕಪ್ಪುಬಿಳುಪು ಚಿತ್ರವನ್ನು ನಾನು ಕಳೆದ ಬೇಸಿಗೆಯಲ್ಲಿ, ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿರುವ ಪಕ್ಕದ ಮನೆಯ ಕಾಕಾ ಅವರ ಜೊತೆ ಕುಳಿತು ನೋಡಿದೆ. ಅಪರಾಧ ಕಥೆಗಳನ್ನು ಇಷ್ಟಪಡುವ ಕನ್ನಡದ ಪ್ರೇಕ್ಷಕರು ಇದನ್ನು ತಪ್ಪದೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಕಥೆಯ ಎಳೆ ಸರಳವಾದದ್ದು. ಮುರಾಕಾಮಿ ಎಂಬ ಹೊಸ ಪತ್ತೇದಾರನ ಕೋಲ್ಟ್ ಪಿಸ್ತೂಲು ಕಿಕ್ಕಿರಿದ ಬಸ್ಸಿನಲ್ಲಿ ಕಳುವಾಗುತ್ತದೆ. ಅದರಲ್ಲಿ ಏಳು ಗುಂಡುಗಳಿವೆ. ಎರಡನೇ ಮಹಾಯುದ್ಧದಲ್ಲಿ ಸೋತು, ಅಮೆರಿಕನ್ನರ ಆಡಳಿತದ ಕೆಳಗಿದ್ದ ಟೋಕಿಯೋದ ಸಂದಿಗೊಂದಿಗಳಲ್ಲಿ ಅವನು ಆ ಪಿಸ್ತೂಲಿಗಾಗಿ ಅಲೆಯುತ್ತಾನೆ. ಮುರಾಕಾಮಿಯಾಗಿ ತೋಶಿರೋ ಮಿಫುನೆ, ಅವನಿಗೆ ದಾರಿ ತೋರಿಸುವ ಹಿರಿಯ ಪತ್ತೇದಾರ ಸಾತೋ ಆಗಿ ತಕಾಶಿ ಶಿಮುರಾ ನಟಿಸಿದ್ದಾರೆ. ಮರುವರ್ಷ ‘ರಾಶೋಮನ್’ ಮಾಡಿ ಜಗತ್ತಿಗೆಲ್ಲ ಪರಿಚಿತರಾಗುವ ಮೊದಲೇ ಕುರೊಸಾವಾ ಅವರ ಕೈ ಎಷ್ಟು ಪಳಗಿತ್ತು ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ.

ಫ್ರೆಂಚ್ ಭಾಷೆಯ ಲೇಖಕ ಜಾರ್ಜ್ ಸಿಮೆನನ್ ಅವರ ಪತ್ತೇದಾರಿ ಕಾದಂಬರಿಗಳನ್ನು ಮೆಚ್ಚಿಕೊಂಡಿದ್ದ ಕುರೊಸಾವಾ ಈ ಕಥೆಯನ್ನು ಮೊದಲು ಕಾದಂಬರಿಯಾಗಿಯೇ ಬರೆದರು. ಅದಕ್ಕೆ ಸುಮಾರು 40 ದಿನ ಹಿಡಿಯಿತು; ಅದನ್ನು ಚಿತ್ರಕಥೆಯಾಗಿ ಮಾರ್ಪಡಿಸಲು ಅದಕ್ಕಿಂತಲೂ ಹೆಚ್ಚು ದಿನ ಬೇಕಾಯಿತು ಎಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಶ್ರಮದ ಗುರುತು ಚಿತ್ರದ ಆರಂಭದಲ್ಲಿಯೇ ಕಾಣುತ್ತದೆ. ನಾಲಿಗೆ ಚಾಚಿ ತೇಕುವ ನಾಯಿಯ ಮುಖದ ಮೇಲೆ ಹೆಸರುಗಳು ಮೂಡಿ ಮುಗಿಯುತ್ತಿದ್ದಂತೆ, ಪಿಸ್ತೂಲು ಕಳುವಾದ ಸುದ್ದಿ ಮೇಲಧಿಕಾರಿಯ ಮುಂದೆ ಬಂದುಬಿಡುತ್ತದೆ. ನಾಯಕನ ಊರು, ಮನೆ, ಸ್ವಭಾವ ಯಾವುದರ ಪೀಠಿಕೆಯೂ ಇಲ್ಲ. ಅವನು ಎಂಥವನು ಎಂಬುದು ಕಳೆದುಕೊಂಡದ್ದನ್ನು ಅವನು ಹುಡುಕುವ ರೀತಿಯಿಂದಲೇ ನಮಗೆ ತಿಳಿಯಬೇಕು. ಇಲ್ಲಿಯೇ ಕಾಕಾ ನೆಟ್ಟಗೆ ಕುಳಿತರು. “ಸರ್ಕಾರಿ ಪಿಸ್ತೂಲ್ ಕಳಕೊಂಡಾವಗ ಊಟ ಹ್ಯಾಂಗ ಇಳೀತದ ತಮ್ಮಾ?” ಎಂದರು. ಮುಂದೆ ಇಡೀ ಚಿತ್ರವನ್ನು ಅವರು ಅದೇ ಕಳವಳದಲ್ಲಿ ನೋಡಿದರು.

ಏಳು ಗುಂಡುಗಳ ಲೆಕ್ಕವೇ ಈ ಕಥೆಯ ಗಡಿಯಾರ. ಮೊದಲ ಗುಂಡು ಒಂದು ದರೋಡೆಯಲ್ಲಿ ಹಾರುತ್ತದೆ. ಮುಂದಿನದು ಒಬ್ಬ ಗೃಹಿಣಿಯ ಜೀವವನ್ನೇ ತೆಗೆಯುತ್ತದೆ. ಇನ್ನು ಎಷ್ಟು ಉಳಿದಿವೆ ಎಂಬ ಪ್ರಶ್ನೆ ಪ್ರತಿ ದೃಶ್ಯದ ಹಿಂದೆಯೂ ನಿಂತಿರುತ್ತದೆ. ಇಂದಿನ ಅಪರಾಧ ಚಿತ್ರಗಳಲ್ಲಿ ಇಂಥ ಎಣಿಕೆ ಕೇವಲ ರೋಮಾಂಚನದ ಸಾಧನವಾಗಿ ಸವೆದುಹೋಗಿದೆ. ಇಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಹಾರಿದ ಪ್ರತಿಯೊಂದು ಗುಂಡೂ ಮುರಾಕಾಮಿಯ ಎದೆಯ ಮೇಲಿನ ಭಾರವಾಗುತ್ತದೆ. ತನ್ನ ಅಜಾಗರೂಕತೆಯೇ ಆ ಹೆಣ್ಣುಮಗಳನ್ನು ಕೊಂದಿತು ಎಂದು ಅವನು ನಂಬಿಬಿಡುತ್ತಾನೆ.

ಈ ಚಿತ್ರದಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಅಪರಾಧಿಯನ್ನು ತೆರೆಯಿಂದ ದೂರವಿಟ್ಟಿರುವ ಬಗೆ. ಮುರಾಕಾಮಿ ಜೇಬುಗಳ್ಳಿಯೊಬ್ಬಳನ್ನು ಹಗಲಿಡೀ ಬೆನ್ನು ಬಿಡದೆ ಹಿಂಬಾಲಿಸುತ್ತಾನೆ. ಕೊನೆಗೆ ಅವಳೇ ದಣಿದು, ಕನಿಕರಪಟ್ಟು ಒಂದು ಸುಳಿವು ಕೊಡುತ್ತಾಳೆ. ಅದು ಅವನನ್ನು ಪಿಸ್ತೂಲುಗಳ ಕಾಳಸಂತೆಗೆ ಒಯ್ಯುತ್ತದೆ. ಅಲ್ಲಿ ರೇಷನ್ ಕಾರ್ಡನ್ನು ಒತ್ತೆಯಿಟ್ಟು ಪಿಸ್ತೂಲನ್ನು ಬಾಡಿಗೆಗೆ ಪಡೆಯುತ್ತಾರೆ. ಅನ್ನದ ಚೀಟಿ ಕೊಟ್ಟು ಬಂದೂಕು ತರುವ ಕಾಲ ಎಂಥದಿತ್ತು ಎಂಬುದನ್ನು ಹೇಳಲು ನಿರ್ದೇಶಕರಿಗೆ ಬೇರೊಂದು ಮಾತೂ ಬೇಕಾಗಿಲ್ಲ. ಆ ಕಾರ್ಡಿನ ಮೇಲಿನ ಹೆಸರು ಯುಸಾ. ಆ ಹೆಸರು ಹಿಡಿದು ಹೊರಟ ಪತ್ತೇದಾರರಿಗೆ ಅವನ ಅಕ್ಕನ ಮನೆ ಸಿಗುತ್ತದೆ, ಅವನು ಮಲಗುತ್ತಿದ್ದ ಗುಡಿಸಲಿನಂಥ ಮೂಲೆ ಸಿಗುತ್ತದೆ, ಅವನು ಗೀಚಿದ ಒಂದು ಕಾಗದ ಸಿಗುತ್ತದೆ, ಅವನು ಪ್ರೀತಿಸಿದ ಕುಣಿತದ ಹುಡುಗಿ ಹರುಮಿ ಸಿಗುತ್ತಾಳೆ. ಅವನೊಬ್ಬ ಮಾತ್ರ ಸಿಗುವುದಿಲ್ಲ. ಮುಖ ಕಾಣುವ ಮೊದಲೇ ಅವನ ಬಡತನ, ಆಸೆ, ಅವಮಾನಗಳೆಲ್ಲ ನಮಗೆ ಗೊತ್ತಾಗಿರುವುದರಿಂದ, ಅವನನ್ನು ಬರಿಯ ದುಷ್ಟನೆಂದು ದ್ವೇಷಿಸುವುದು ನಮಗೆ ಸಾಧ್ಯವಾಗುವುದಿಲ್ಲ. ಖಳನಾಯಕನನ್ನು ಮೊದಲ ಹತ್ತು ನಿಮಿಷದಲ್ಲೇ ಸಿಗರೇಟು ಹಚ್ಚಿಸಿ ನಡೆಸಿಕೊಂಡು ಬರುವ ನಮ್ಮ ಚಿತ್ರಗಳ ಕಥೆಗಾರರು ಈ ಸಂಯಮವನ್ನು ಗಮನಿಸಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಕೊರತೆಗಳೂ ಇವೆ. ಮುರಾಕಾಮಿ ಹರಕು ಸೈನಿಕ ಉಡುಪಿನಲ್ಲಿ ಕಾಳಸಂತೆ ಸುತ್ತುವ ಭಾಗ ಮಾತಿಲ್ಲದೆ ಬಹಳ ಹೊತ್ತು ಸಾಗುತ್ತದೆ. ಇದನ್ನು ನಿಜವಾದ ಸಂತೆಯಲ್ಲಿ ಚಿತ್ರೀಕರಿಸಿದವರು ಸಹಾಯಕ ನಿರ್ದೇಶಕರಾಗಿದ್ದ, ಮುಂದೆ 1954ರಲ್ಲಿ ‘ಗಾಡ್ಜಿಲ್ಲಾ’ ನಿರ್ದೇಶಿಸಿದ ಇಶಿರೋ ಹೋಂಡಾ. ಆ ಕಾಲದ ದಾಖಲೆಯಾಗಿ ಅದಕ್ಕೆ ಬೆಲೆ ಕಟ್ಟಲಾಗದು, ಆದರೆ ಕಥೆ ಅಲ್ಲಿ ನಿಂತ ನೀರಾಗುತ್ತದೆ. ಯುದ್ಧಾನಂತರದ ಯುವಕರ ಬಗ್ಗೆ ಪಾತ್ರಗಳು ಆಡುವ ಕೆಲವು ಮಾತುಗಳೂ ಪಾಠದಂತೆ ಕೇಳಿಸುತ್ತವೆ.

ಬಿಸಿಲಿನ ಮಾತಿಗೆ ಮರಳಬೇಕು. ಸಾತೋ ಕುತ್ತಿಗೆ ಒರೆಸಿಕೊಳ್ಳುವ ಕರವಸ್ತ್ರ, ಬೇಸ್‌ಬಾಲ್ ಮೈದಾನದಲ್ಲಿ ಸಾವಿರಾರು ಜನ ಬೀಸಿಕೊಳ್ಳುವ ಬೀಸಣಿಕೆಗಳು, ಬೆನ್ನಿಗೆ ಅಂಟಿದ ಅಂಗಿಗಳು ಕೇವಲ ವಾತಾವರಣದ ಅಲಂಕಾರವಲ್ಲ. ಅವು ಕಥೆಯ ಒತ್ತಡವನ್ನು ಹಂತಹಂತವಾಗಿ ಏರಿಸುತ್ತವೆ. ನಮ್ಮ ಕಡೆ ಅಡ್ಡಮಳೆಗೆ ಮುಂಚೆ ಗಾಳಿ ನಿಂತು ಉಸಿರು ಕಟ್ಟುತ್ತದಲ್ಲ, ಅದೇ ಸ್ಥಿತಿಗೆ ಕಥೆ ಬಂದು ತಲುಪಿದಾಗ ಮಳೆ ಸುರಿಯುತ್ತದೆ. ಯುಸಾ ತನಗಾಗಿ ತಂದ ಉಡುಪನ್ನು ಹರುಮಿ ಸಿಟ್ಟಿನಿಂದ ತೊಟ್ಟು ಗಿರಗಿರನೆ ತಿರುಗುವುದೂ ಗುಡುಗುವುದೂ ಒಟ್ಟಿಗೇ ನಡೆಯುತ್ತವೆ. ಅದೇ ಇರುಳು ಸಾತೋ ಒಂದು ಹೋಟೆಲಿನಿಂದ ಮುರಾಕಾಮಿಗೆ ಫೋನ್ ಮಾಡುತ್ತಾರೆ. ವಿಷಯ ಹೇಳಿ ಮುಗಿಯುವ ಮೊದಲೇ ಗುಂಡಿನ ಸದ್ದು. ಈ ಕಡೆ ರಿಸೀವರ್ ಹಿಡಿದು ಕೂಗುವ ಮುರಾಕಾಮಿಗೆ ಸದ್ದಷ್ಟೇ ಕೇಳಿಸುತ್ತದೆ, ಏನಾಯಿತೆಂದು ಕಾಣುವುದಿಲ್ಲ.

ಮುರಾಕಾಮಿ ಯುಸಾನನ್ನು ಬೆನ್ನಟ್ಟುವ ಕೊನೆಯ ದೃಶ್ಯ ಕಾಡಿನ ಅಂಚಿನಲ್ಲಿ ನಡೆಯುತ್ತದೆ. ಗುಂಡು ಹಾರಿದಾಗ ಹತ್ತಿರದ ಮನೆಯಲ್ಲಿ ಪಿಯಾನೋ ನುಡಿಸುತ್ತಿದ್ದ ಹೆಂಗಸು ಕಿಟಕಿಯ ಹೊರಗೆ ನೋಡಿ, ಏನೂ ಅರ್ಥವಾಗದೆ ಮತ್ತೆ ನುಡಿಸತೊಡಗುತ್ತಾಳೆ. ಕ್ರೌರ್ಯದ ಪಕ್ಕದಲ್ಲಿ ಇಂಪಾದ ಸಂಗೀತವನ್ನು ಇಡುವ ಈ ಕ್ರಮವನ್ನು ಕುರೊಸಾವಾ ಮತ್ತು ಸಂಗೀತ ನಿರ್ದೇಶಕ ಫುಮಿಯೋ ಹಯಾಸಾಕಾ ಬಹಳ ಯೋಚಿಸಿ ಬಳಸಿದ್ದಾರೆ. ಕೆಸರಿನಲ್ಲಿ ಹೊರಳಾಡಿದ ಇಬ್ಬರೂ ಹುಲ್ಲಿನ ಮೇಲೆ ಅಂಗಾತ ಬಿದ್ದಾಗ ಪೊಲೀಸ್ ಯಾರು, ಕಳ್ಳ ಯಾರು ಎಂದು ಬಟ್ಟೆ ನೋಡಿ ಹೇಳಲಾಗುವುದಿಲ್ಲ. ಇಬ್ಬರೂ ಯುದ್ಧದಿಂದ ಮರಳಿದವರು, ಇಬ್ಬರ ಚೀಲವೂ ದಾರಿಯಲ್ಲಿ ಕಳುವಾಗಿತ್ತು. ದೂರದಲ್ಲಿ ಮಕ್ಕಳು ಹಾಡುತ್ತ ಹೋಗುವುದನ್ನು ಕೇಳಿ ಕೈಕೋಳ ಬಿದ್ದ ಯುಸಾ ಗೋಳಾಡಿ ಅಳುತ್ತಾನೆ. ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಇದಾದ ಮೇಲೆ ಆಸ್ಪತ್ರೆಯ ಒಂದು ಚಿಕ್ಕ ದೃಶ್ಯ ಬರುತ್ತದೆ. ಇನ್ನಷ್ಟು ಮಂದಿಯನ್ನು ಹಿಡಿದಂತೆಲ್ಲ ಯುಸಾನನ್ನು ನೀನು ಮರೆಯುತ್ತೀಯೆ ಎಂದು ಸಾತೋ ಮುರಾಕಾಮಿಗೆ ಸಮಾಧಾನ ಹೇಳುತ್ತಾರೆ. ಅಳುವಿನಲ್ಲಿಯೇ ಚಿತ್ರ ಮುಗಿದಿದ್ದರೆ ಚೆನ್ನಾಗಿತ್ತು, ಇದು ಬೇಕಿರಲಿಲ್ಲ ಎಂದು ನಾನು ಕಾಕಾ ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. “ನಾ ನೌಕರಿಗಿ ಸೇರಿದಾಗ ನಮ್ಮ ಸಾಹೇಬರೂ ನನಗ ಇದೇ ಮಾತು ಹೇಳಿದ್ರು” ಎಂದರು. ಆ ಮಾತು ನಿಜವಾಯಿತೇ ಎಂದು ನಾನು ಕೇಳಿದಾಗ, ಆ ದೃಶ್ಯವನ್ನು ಇನ್ನೊಮ್ಮೆ ಹಾಕಲು ಹೇಳಿದರು.