ಎಲ್‌ಜಿ ಒಎಲ್‌ಇಡಿ ಟಿವಿಯ ‘ಪಿಕ್ಸೆಲ್ ಕ್ಲೀನಿಂಗ್’ ವಿಮರ್ಶೆ: ಗೋಡೆಯ ಸ್ವಿಚ್ ಆರಿಸುವವರು ಮೊದಲು ಓದಿ

ರಾತ್ರಿ ರಿಮೋಟ್‌ನಿಂದ ಟಿವಿ ಆರಿಸಿ, ಕೈಯೊಡನೆ ಗೋಡೆಯ ಸ್ವಿಚ್ಚನ್ನೂ ಆರಿಸಿ ಮಲಗುವುದು ನಮ್ಮ ಎಷ್ಟೋ ಮನೆಗಳ ರೂಢಿ. ಎಲ್‌ಸಿಡಿ ಟಿವಿಗೆ ಇದರಿಂದ ನಷ್ಟವಿರಲಿಲ್ಲ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಪರದೆಯ ಟಿವಿ ಕೊಂಡವರು ಮಾತ್ರ ಇದನ್ನು ಬಿಡಲೇಬೇಕು. ಪರದೆಯ ಹೊಳಪನ್ನು ಸಮ ಮಾಡುವ ‘ಪಿಕ್ಸೆಲ್ ಕ್ಲೀನಿಂಗ್’ ಕೆಲಸ ಶುರುವಾಗುವುದೇ ಟಿವಿ ಆರಿಸಿದ ಮೇಲೆ.

4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ, ಅಂದರೆ ಚಿತ್ರದ ಚುಕ್ಕೆಗಳು. ಎಲ್‌ಜಿಯ ಬಿಳಿ ಒಎಲ್‌ಇಡಿ ಪ್ಯಾನೆಲ್‌ನಲ್ಲಿ ಒಂದೊಂದಕ್ಕೂ ಕೆಂಪು, ಹಸಿರು, ನೀಲಿ, ಬಿಳಿ ಎಂದು ನಾಲ್ಕು ಸಬ್‌ಪಿಕ್ಸೆಲ್ (ಒಂದೊಂದು ಬಣ್ಣದ ಉಪಚುಕ್ಕೆ), ಒಟ್ಟು 3.3 ಕೋಟಿ. ಪ್ರತಿ ಸಬ್‌ಪಿಕ್ಸೆಲ್‌ಗೂ ಅದರದೇ ಡ್ರೈವ್ ಟ್ರಾನ್ಸಿಸ್ಟರ್ (ನಲ್ಲಿಯಂತೆ ಹರಿವನ್ನು ಹಿಡಿತದಲ್ಲಿಡುವ ಪುಟ್ಟ ಬಿಡಿಭಾಗ) ಕರೆಂಟ್ ಹರಿಸುತ್ತದೆ. ಅದನ್ನು ತೆರೆಯುವ ತುದಿಯೇ ಗೇಟ್; ಕರೆಂಟ್ ಹರಿಯಲು ಅಲ್ಲಿ ಬೇಕಾದ ಕನಿಷ್ಠ ವೋಲ್ಟೇಜೇ ಥ್ರೆಶೋಲ್ಡ್. ಗೇಟ್ ವೋಲ್ಟೇಜ್ ಥ್ರೆಶೋಲ್ಡ್ ದಾಟಿ ಎಷ್ಟು ಮೇಲಿದೆಯೋ ಅದರ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಷ್ಟು ಕರೆಂಟ್. ತೊಂದರೆ ಏನೆಂದರೆ ಈ ಥ್ರೆಶೋಲ್ಡ್ ಎಲ್ಲ ಟ್ರಾನ್ಸಿಸ್ಟರ್‌ಗಳಲ್ಲೂ ಒಂದೇ ಇರುವುದಿಲ್ಲ; ಬಳಸುತ್ತ ಹೋದಂತೆ ಸರಿಯುತ್ತದೆ ಕೂಡ. ಒಂದು ಲೆಕ್ಕ ನೋಡಿ. ಥ್ರೆಶೋಲ್ಡ್ ಮೇಲೆ 2 ವೋಲ್ಟ್ ಇರುವ ಬೆಳಕಿನ ದೃಶ್ಯದಲ್ಲಿ 0.1 ವೋಲ್ಟ್ ಸರಿದರೆ ಕರೆಂಟ್ ಶೇ 10ರಷ್ಟು ಇಳಿಯುತ್ತದೆ, ಕಣ್ಣಿಗೆ ಅಷ್ಟಾಗಿ ಬೀಳದು. ಕತ್ತಲ ದೃಶ್ಯದಲ್ಲಿ ಮೇಲಿರುವುದೇ 0.5 ವೋಲ್ಟ್ ಆದರೆ, ಅದೇ 0.1 ವೋಲ್ಟ್ ಶೇ 36ರಷ್ಟು ಕಿತ್ತುಕೊಳ್ಳುತ್ತದೆ. ಕತ್ತಲೆ ತುಂಬಿದ ಸಿನಿಮಾ ದೃಶ್ಯಗಳಲ್ಲೇ ಉದ್ದುದ್ದ ಪಟ್ಟೆಗಳು ಕಾಣಿಸುವುದು ಇದರಿಂದ.

ಎಲ್‌ಜಿಯ ಪರಿಹಾರ ಜಾಣತನದ್ದು. ಸಬ್‌ಪಿಕ್ಸೆಲ್ ಒಳಗೆ ಮೂರು ಟ್ರಾನ್ಸಿಸ್ಟರ್, ವೋಲ್ಟೇಜ್ ಹಿಡಿದಿಡುವ ಒಂದು ಕೆಪ್ಯಾಸಿಟರ್ ಅಷ್ಟೆ. ಮೂರನೆಯ ಟ್ರಾನ್ಸಿಸ್ಟರ್ ಇರುವುದು ಅಳತೆಗೆಂದೇ. ಗೇಟ್‌ಗೆ ಗೊತ್ತಿರುವ ವೋಲ್ಟೇಜ್ ಕೊಟ್ಟು, ಅಳತೆಯ ತಂತಿಯಾದ ಸೆನ್ಸ್ ಲೈನಿನ ವೋಲ್ಟೇಜ್ ಏರಿ ಏರಿ ತಾನಾಗಿ ನಿಲ್ಲುವವರೆಗೆ ಕಾಯುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ಥ್ರೆಶೋಲ್ಡ್. ಅದನ್ನು ಡ್ರೈವರ್ ಚಿಪ್ ಓದಿ ಮೆಮೊರಿಗೆ ಹಾಕುತ್ತದೆ. ಮುಂದೆ ಚಿತ್ರ ತೋರಿಸುವಾಗ ಅಷ್ಟು ವೋಲ್ಟೇಜನ್ನು ಸೇರಿಸಿಯೇ ಕಳಿಸುತ್ತದೆ. ಈ ಕಾಯುವಿಕೆಯಿಂದಲೇ ಕೆಲಸ ನಿಧಾನ. 2160 ಸಾಲು, ನಾಲ್ಕು ಬಣ್ಣ, ಒಂದೊಂದಕ್ಕೆ 30 ಮಿಲಿಸೆಕೆಂಡ್ ಅಂತ ಹಿಡಿದರೂ 4 ನಿಮಿಷ ದಾಟುತ್ತದೆ. ಧಾರಾವಾಹಿಯ ಮಧ್ಯೆ ಮಾಡುವ ಕೆಲಸವಲ್ಲ ಇದು.

ಒಟ್ಟು 4 ಗಂಟೆಗಿಂತ ಹೆಚ್ಚು ನೋಡಿ ರಿಮೋಟ್‌ನಿಂದ ಆರಿಸಿದಾಗ ಈ ಕೆಲಸದ ಚಿಕ್ಕ ಸುತ್ತು ತಾನಾಗಿ ಓಡುತ್ತದೆ, ಹತ್ತು ನಿಮಿಷದ ಆಸುಪಾಸು. ಮುಗಿಯುವಾಗ ಒಳಗಿನ ರಿಲೇ ಸ್ವಿಚ್ ‘ಟಕ್’ ಎನ್ನುವುದುಂಟು, ಹೆದರಬೇಡಿ. ದೊಡ್ಡ ಸುತ್ತು 2000 ಗಂಟೆಗೊಮ್ಮೆ, ಸುಮಾರು ಒಂದು ತಾಸು. ಆಗ ಪರದೆಯ ಮೇಲೆ ಬಿಳಿ ಗೆರೆ ಕಾಣಿಸಿದರೂ ದೋಷವಲ್ಲ. ಎರಡಕ್ಕೂ ಗೋಡೆಯ ಸ್ವಿಚ್ ಆನ್ ಇರಬೇಕು. ಪದೇ ಪದೇ ಕರೆಂಟ್ ಹೋಗುವ ಊರಾದರೆ ಟಿವಿಯನ್ನು ಇನ್ವರ್ಟರ್ ಲೈನಿಗೆ ಹಾಕಿಸುವುದು ಲೇಸು.

ಕೈಯಾರೆ ಓಡಿಸಬೇಕೆಂದರೆ ಈಚಿನ ಮಾದರಿಗಳಲ್ಲಿ ಸೆಟ್ಟಿಂಗ್ಸ್, ಜನರಲ್, ಒಎಲ್‌ಇಡಿ ಕೇರ್, ಒಎಲ್‌ಇಡಿ ಪ್ಯಾನೆಲ್ ಕೇರ್, ಅದರೊಳಗೆ ಪಿಕ್ಸೆಲ್ ಕ್ಲೀನಿಂಗ್. ಹಳೆಯದರಲ್ಲಿ ಇದೇ ‘ಪಿಕ್ಸೆಲ್ ರಿಫ್ರೆಶರ್’. ಈಗಿನ ಹೆಸರು ಕೆಟ್ಟದ್ದು. ಕ್ಲೀನಿಂಗ್ ಅಂದಮೇಲೆ ವಾರಕ್ಕೊಮ್ಮೆ ಮಾಡೋಣ ಅಂತ ಯಾರಿಗಾದರೂ ಅನ್ನಿಸದೆ ಇರುತ್ತದೆಯೇ? ಮಾಡಬೇಡಿ. ಸೋನಿ ತನ್ನ ಒಎಲ್‌ಇಡಿ ಟಿವಿಗಳ ಇಂಥದೇ ಸೌಲಭ್ಯವಾದ ಪ್ಯಾನೆಲ್ ರಿಫ್ರೆಶ್ ಬಗ್ಗೆ ವರ್ಷಕ್ಕೆ ಒಂದೇ ಸಲ, ಅದೂ ಕಲೆ ಎದ್ದು ಕಂಡರೆ ಮಾತ್ರ ಎಂದು ನೇರವಾಗಿ ಬರೆದಿದೆ; ಕೋಣೆಯ ತಾಪ 10ರಿಂದ 40 ಡಿಗ್ರಿ ಒಳಗಿರಬೇಕು ಅಂತಲೂ ಹೇಳಿದೆ. ಥ್ರೆಶೋಲ್ಡ್ ತಾಪದ ಜೊತೆ ಬದಲಾಗುವುದರಿಂದ ಇದು ಎಲ್‌ಜಿ ಟಿವಿಗೂ ಒಪ್ಪುವ ಮಾತು. ರಾಯಚೂರು, ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಒತ್ತಬೇಡಿ, ರಾತ್ರಿ ತಂಪಾದ ಮೇಲೆ ಒತ್ತಿ.

ಪಟ್ಟೆ ಇದೆಯೋ ಇಲ್ಲವೋ ನೋಡಲು ಯೂಟ್ಯೂಬ್ ವಿಡಿಯೊ ನಂಬಬೇಡಿ, ಕಂಪ್ರೆಷನ್ ತನ್ನದೇ ಚೌಕಗಳನ್ನು ಸೇರಿಸುತ್ತದೆ. ಕೆಂಪು, ಹಸಿರು, ನೀಲಿ ಮೂರೂ 255ಕ್ಕೆ 13 ಇರುವ, ಅಂದರೆ ಶೇ 5ರ ಬೂದು ಬಣ್ಣದ ಪಿಎನ್‌ಜಿ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ. ಟಿವಿ ಅರ್ಧ ಗಂಟೆ ಓಡಿರಲಿ, ಎನರ್ಜಿ ಸೇವಿಂಗ್ ಆಫ್ ಇರಲಿ, ದೀಪ ಆರಿಸಿ, ದಿನಾ ಕೂರುವ ಜಾಗದಿಂದಲೇ ನೋಡಿ. ಮೊಬೈಲ್ ಫೋಟೊ ಕತ್ತಲನ್ನು ಎತ್ತಿ ತೋರಿಸಿ ಇಲ್ಲದ ಗಾಬರಿ ಹುಟ್ಟಿಸುತ್ತದೆ. ಹೊಸ ಟಿವಿಯ ತೆಳು ಪಟ್ಟೆಗಳು ಕೆಲವು ಚಿಕ್ಕ ಸುತ್ತುಗಳಾದ ಮೇಲೆ ಮಾಸುವುದುಂಟು. ಹಾಗಂತ ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಗಡುವು ಮೀರುವವರೆಗೆ ಕಾಯುತ್ತ ಕೂರಬೇಡಿ.

ಒಂದು ಮಿತಿ ಇದೆ. ಸುದ್ದಿ ಚಾನೆಲ್‌ನ ಲೋಗೊ ಅಚ್ಚೊತ್ತಿ ಬೆಳಕು ಸೂಸುವ ಪದರವೇ ಸವೆದಿದ್ದರೆ, ಆ ಜಾಗಕ್ಕೆ ಹೆಚ್ಚು ಕರೆಂಟ್ ಹರಿಸಿ ಕೊರತೆ ಮುಚ್ಚಬಹುದು, ಸವೆದ ಪದರ ಮರಳಿ ಬರುವುದಿಲ್ಲ. ಹೆಚ್ಚು ಕರೆಂಟ್ ಎಂದರೆ ಸವೆತವೂ ಬೇಗ. ಗಾಢವಾಗಿ ಅಚ್ಚೊತ್ತಿದ್ದು ಹೋಗುವುದೇ ಇಲ್ಲ.

ಸೌಲಭ್ಯಕ್ಕೆ ಐದರಲ್ಲಿ ನಾಲ್ಕು. ಕಳೆದ ಒಂದು ಅಂಕ ಆ ಹೆಸರಿಗೆ.