ಜಲಾಶಯದ ನೀರಿನಲ್ಲಿ ಆ್ಯಂಟಿಬಯಾಟಿಕ್ ಪ್ರತಿರೋಧ ಜೀನ್: ಕ್ಯೂಪಿಸಿಆರ್, ಮೆಟಾಜೀನೋಮಿಕ್ಸ್, ಕಲ್ಚರ್ ಪೈಕಿ ಯಾವುದು?

ತಿಂಗಳು ತಿಂಗಳೂ ಅಳೆದು ಏರಿಳಿತ ನೋಡಬೇಕೆಂದರೆ ಕ್ಯೂಪಿಸಿಆರ್ (ಆಯ್ದ ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಸಾಕು. ಸಲ್ಫಾ ಔಷಧಿಗೆ ಪ್ರತಿರೋಧ ಕೊಡುವ ಸಲ್1, ಪ್ರತಿರೋಧ ಜೀನ್‌ಗಳನ್ನು ಒಟ್ಟುಗೂಡಿಸುವ ಇಂಟ್‌ಐ1 ಜೀನ್‌ಗಳನ್ನು ಎಣಿಸಿ, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಜೀನ್‌ನ ಎಣಿಕೆಯಿಂದ ಭಾಗಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದನ್ನೇ ಪ್ರತಿರೋಧ ಹೆಚ್ಚಿತೆಂದು ಓದಿಕೊಳ್ಳುತ್ತೀರಿ.

ನೀರಿನಲ್ಲಿರುವ ಡಿಎನ್ಎಯನ್ನೆಲ್ಲ ಒಟ್ಟಿಗೆ ಓದುವ ಮೆಟಾಜೀನೋಮಿಕ್ಸ್ ನೀವು ಹುಡುಕದ ಜೀನ್‌ಗಳನ್ನೂ ತೋರಿಸುತ್ತದೆ. ಆದರೆ ಖರ್ಚು ಜಾಸ್ತಿ, ಕಾರ್ಬಪೆನೆಮ್‌ನಂಥ ಪ್ರಬಲ ಆ್ಯಂಟಿಬಯಾಟಿಕ್‌ಗೂ ಪ್ರತಿರೋಧ ಕೊಡುವ ವಿರಳವಾದ ಎನ್‌ಡಿಎಂ ಜೀನ್ ಕೈತಪ್ಪಬಹುದು. ಹೊಸ ಜಲಾಶಯಕ್ಕೆ ಒಮ್ಮೆ ಮಾಡಿಸಿದರೆ ಯಾವ ಜೀನ್‌ಗಳ ಬೆನ್ನು ಹತ್ತಬೇಕೆಂದು ಗೊತ್ತಾಗುತ್ತದೆ.

ಇವೆರಡೂ ಸತ್ತ ಜೀವಕೋಶದ ಡಿಎನ್ಎಯನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಜನ ಕುಡಿಯುವ ನೀರಾದರೆ ಕಲ್ಚರ್ (ಜೀವಂತ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಬಿಡಲೇಬೇಡಿ: ಒಂದು ಟಿಬಿಎಕ್ಸ್ ಅಗರ್ (ಇ. ಕೊಲೈ ಗುರುತಿಸುವ ಬೆಳೆಮಾಧ್ಯಮ) ತಟ್ಟೆ ಹಾಗೆಯೇ, ಇನ್ನೊಂದಕ್ಕೆ ಲೀಟರಿಗೆ 4 ಮಿ.ಗ್ರಾಂ ಸೆಫೊಟ್ಯಾಕ್ಸಿಮ್ ಆ್ಯಂಟಿಬಯಾಟಿಕ್. ಎರಡರ ಇ. ಕೊಲೈ ಎಣಿಕೆಯ ಅನುಪಾತವೇ ಪ್ರತಿರೋಧ ಇರುವವುಗಳ ಪಾಲು.

ಕೆಲಸ ಕೆಡುವುದು ಹೆಚ್ಚಾಗಿ ಬ್ಯಾಕ್ಟೀರಿಯಾ ಹಿಡಿಯಲು ನೀರು ಸೋಸುವಾಗ. 0.22 ಮೈಕ್ರಾನ್ ಫಿಲ್ಟರಿನಲ್ಲಿ ತಿಳಿನೀರು 1 ಲೀಟರ್ ಇಳಿಯಬಹುದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಸೇರುವ ಬೈರಮಂಗಲದಂಥ ಕಡೆ ಬೇಗ ಕಟ್ಟಿಕೊಳ್ಳುತ್ತದೆ. ಒತ್ತಡ ಹೆಚ್ಚಿಸಬೇಡಿ, ಫಿಲ್ಟರ್ ಬದಲಿಸಿ, ಇಳಿದ ಪ್ರಮಾಣ ಬರೆದಿಡಿ. ತೆಗೆದ ಡಿಎನ್ಎ ಚಹಾದ ಬಣ್ಣಕ್ಕಿದ್ದರೆ ಹ್ಯೂಮಿಕ್ ಆಮ್ಲ (ಕೊಳೆತ ಸಸ್ಯದಿಂದ ಬರುವ, ಕ್ಯೂಪಿಸಿಆರ್‌ಗೆ ಅಡ್ಡಿಯಾಗುವ ವಸ್ತು) ಉಳಿದಿದೆ. 10 ಪಟ್ಟು ತೆಳುಮಾಡಿ ಮತ್ತೆ ಓಡಿಸಿ: ಸಿಟಿ ಮೌಲ್ಯ (ಜೀನ್ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ) ಸುಮಾರು 3.3 ಏರಬೇಕು. ಅದಕ್ಕಿಂತ ತೀರ ಕಡಿಮೆ ಏರಿದರೆ ಮೊದಲಿನ ಅಂಕಿಯನ್ನು ನಂಬಬೇಡಿ.