ಸ್ನೋಕ್ವಾಲ್ಮಿ ನದಿಯಲ್ಲಿ ಟ್ರೌಟ್ ಮತ್ತು ಸ್ಟೀಲ್‌ಹೆಡ್ ಪಾಠ: ಒಂದು ಗೈಡ್ ಸೇವೆಯ ವಿಮರ್ಶೆ

ಸಿಯಾಟಲ್‌ನ ಪೂರ್ವಕ್ಕಿರುವ ಸ್ನೋಕ್ವಾಲ್ಮಿ ನದಿ ಗಾಳ ಹಾಕಲು ಕಲಿಯುವವರ ಪಾಲಿಗೆ ಒಂದರೊಳಗೆ ಎರಡು ನದಿ. ಸುಮಾರು 82 ಮೀಟರ್ ಎತ್ತರದ ಜಲಪಾತವೊಂದು ಅಡ್ಡ ನಿಂತಿರುವುದರಿಂದ ಸಮುದ್ರದಿಂದ ಏರಿ ಬರುವ ಸ್ಟೀಲ್‌ಹೆಡ್ ಅದರ ಬುಡ ದಾಟಿ ಮೇಲೆ ಹೋಗಲಾರದು. ಜಲಪಾತದ ಮೇಲಿನ ಕವಲುಗಳಲ್ಲಿರುವುದು ಅಲ್ಲಿಯೇ ಹುಟ್ಟಿ ಅಲ್ಲಿಯೇ ಬಾಳುವ ರೇನ್‌ಬೋ ಮತ್ತು ಕಟ್‌ಥ್ರೋಟ್ ಟ್ರೌಟ್‌ಗಳು. ಇಲ್ಲಿನ ಒಂದು ಸಣ್ಣ ಗೈಡ್ ಸೇವೆಯವರು ಈ ಎರಡನ್ನೂ ಸೇರಿಸಿ ಹೊಸಬರಿಗಾಗಿ ಜೋಡಿ ಪಾಠ ನಡೆಸುತ್ತಾರೆ. ಆಗಸ್ಟ್‌ನಲ್ಲಿ ಮೇಲಿನ ಮಿಡ್ಲ್ ಫೋರ್ಕ್ ಕವಲಿನಲ್ಲಿ ಅರ್ಧ ದಿನ ಟ್ರೌಟ್, ಜನವರಿಯಲ್ಲಿ ಜಲಪಾತದ ಕೆಳಗೆ ಪೂರ್ತಿ ದಿನ ಸ್ಟೀಲ್‌ಹೆಡ್. ನನಗೂ ಹದಿನೇಳರ ಮಗಳಿಗೂ ಸೇರಿ 950 ಡಾಲರ್ ಆಯಿತು. ಮೊದಲ ಅರ್ಧ ದಿನವನ್ನು ಯಾರಿಗೆ ಬೇಕಾದರೂ ಧೈರ್ಯವಾಗಿ ಸೂಚಿಸುತ್ತೇನೆ. ಎರಡನೆಯದನ್ನು, ಈಗಿರುವ ರೂಪದಲ್ಲಿ, ಹೊಸಬರು ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ರೌಟ್ ಪಾಠದ ಮೊದಲ ಮುಕ್ಕಾಲು ಗಂಟೆ ಗೈಡ್ ನಮ್ಮ ಕೈಗೆ ಗಾಳದ ಕೋಲನ್ನೇ ಕೊಡಲಿಲ್ಲ. ಮೊಣಕಾಲಿನಷ್ಟು ನೀರಿಗೆ ಇಳಿಸಿ ಕಲ್ಲುಗಳನ್ನು ಎತ್ತಿ ತಿರುಗಿಸಲು ಹೇಳಿದರು. ಕಲ್ಲಿನ ಅಡಿಯಲ್ಲಿ ಮರಳಿನ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳಗಳಿದ್ದವು. ಇನ್ನೊಂದರ ಮೇಲೆ ಎರಡು ಬಾಲದ ಸ್ಟೋನ್‌ಫ್ಲೈ ಮರಿ ಹರಿದಾಡುತ್ತಿತ್ತು. ಆಮೇಲೆ ಪೆಟ್ಟಿಗೆ ತೆರೆದು, ನಾವು ಈಗಷ್ಟೇ ಕಂಡ ಹುಳಗಳನ್ನೇ ಹೋಲುವಂತೆ ನೂಲು ಮತ್ತು ಗರಿಗಳಿಂದ ಕೊಕ್ಕೆಗೆ ಕಟ್ಟಿದ ಫ್ಲೈಗಳನ್ನು ತೋರಿಸಿದಾಗ, ಯಾವುದನ್ನು ಏಕೆ ಕಟ್ಟಬೇಕು ಎಂದು ಬೇರೆ ವಿವರಣೆ ಬೇಕಾಗಲಿಲ್ಲ. ಅದೇ ರೀತಿ ನೀರನ್ನು ಓದುವುದನ್ನೂ ಕಲಿಸಿದರು. ವೇಗದ ಸೆಳವು ನಿಧಾನದ ನೀರಿಗೆ ತಾಗುವ ಗೆರೆ, ಬಂಡೆಯ ಹಿಂದಿನ ನಿಧಾನದ ಮಡು, ನೊರೆ ಸಾಲಾಗಿ ತೇಲುವ ದಾರಿ: ಮೀನಿಗೆ ಹೆಚ್ಚು ಈಜದೆ ಹೆಚ್ಚು ಆಹಾರ ಸಿಗುವುದು ಇಂಥ ಕಡೆಗಳಲ್ಲಿ. ಗಾಳದ ದಾರ, ಅಂದರೆ ಲೈನ್, ಸೆಳವಿಗೆ ಸಿಕ್ಕಿದರೆ ಫ್ಲೈ ನೀರಿಗಿಂತ ವೇಗವಾಗಿ ಓಡುತ್ತದೆ, ಹಾಗೆ ಓಡುವ ಹುಳವನ್ನು ಟ್ರೌಟ್ ನಂಬುವುದಿಲ್ಲ. ಆದ್ದರಿಂದ ಲೈನನ್ನು ಹರಿವಿನ ಎದುರು ದಿಕ್ಕಿಗೆ ಎತ್ತಿ ಹಾಕುತ್ತಿರಬೇಕು. ಮೆಂಡಿಂಗ್ ಎನ್ನುವ ಈ ಒಂದು ಕೈಚಳಕಕ್ಕೆ ಅವರು ಎಸೆತಕ್ಕಿಂತ ಹೆಚ್ಚು ಸಮಯ ಕೊಟ್ಟದ್ದು ಸರಿಯಾದ ನಿರ್ಧಾರ. ಆ ದಿನ ನಾವು ಎಸೆದದ್ದೆಲ್ಲ ಎಂಟು ಹತ್ತು ಮೀಟರ್‌ನೊಳಗೆ. ಮೀನು ಸಿಕ್ಕಿದ್ದೂ ಅಲ್ಲಿಯೇ.

ಈ ಕವಲಿನಲ್ಲಿ ಎರೆ ಬಳಸುವಂತಿಲ್ಲ, ಕೊಕ್ಕೆಗೆ ಹಿಮ್ಮುಳ್ಳು ಇರುವಂತಿಲ್ಲ. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವ ಕೆಲಸವನ್ನು ಗೈಡ್ ನಮ್ಮಿಂದಲೇ ಮಾಡಿಸಿದರು. ಜೇಬಿನಿಂದ ಉಷ್ಣಮಾಪಕ ತೆಗೆದು ನೀರಿಗೆ ಹಿಡಿದು, ಅದು 20 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳಲ್ಲಿ ತಾನು ಪಾಠವನ್ನೇ ನಿಲ್ಲಿಸುವುದಾಗಿ ಹೇಳಿದರು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದು, ಸೆಣಸಿ ದಣಿದ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು. ಮಗಳ ಗಾಳಕ್ಕೆ ಒಂದು ಗೇಣುದ್ದದ ಕಟ್‌ಥ್ರೋಟ್ ಬಿದ್ದಾಗ ನಾನು ಒಣ ಕೈ ಚಾಚಿದೆ. "ಅಪ್ಪ, ಮೊದಲು ಕೈ ಒದ್ದೆ ಮಾಡ್ಕೊಳ್ಳಿ" ಎಂದು ತಡೆದವಳು ಅವಳೇ. ಮೀನಿನ ಮೈಮೇಲಿನ ಲೋಳೆ ಒಣ ಅಂಗೈಗೆ ಅಂಟಿ ಕಿತ್ತುಬಂದರೆ ಅದಕ್ಕೆ ಸೋಂಕು ತಗಲುವುದು ಸುಲಭ. ಗಲ್ಲದ ಕೆಳಗಿನ ಆ ಕಿತ್ತಳೆಗೆಂಪು ಗೀಟನ್ನು ನೀರಿನಲ್ಲಿಯೇ ನೋಡಿ ಬಿಟ್ಟೆವು. ಮೀನು ಹಿಡಿಯುವ ಮೊದಲೇ ಮೀನನ್ನು ಕಾಪಾಡುವುದು ಅವಳಿಗೆ ಅಭ್ಯಾಸವಾಗಿತ್ತು ಎಂಬುದಕ್ಕಾಗಿಯೇ ಈ ಪಾಠಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಸ್ಟೀಲ್‌ಹೆಡ್ ಬೇರೆ ಜಾತಿಯ ಮೀನಲ್ಲ. ರೇನ್‌ಬೋ ಟ್ರೌಟೇ ಸಮುದ್ರಕ್ಕೆ ಹೋಗಿ, ಬೆಳೆದು, ಮೊಟ್ಟೆಯಿಡಲು ಹುಟ್ಟೂರಿನ ಹೊಳೆಗೆ ಮರಳಿದರೆ ಅದು ಸ್ಟೀಲ್‌ಹೆಡ್. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಗದ್ದೆಯ ಹಳ್ಳಕ್ಕೆ ಏರುವ ಹತ್ತುಮೀನನ್ನು ನೋಡಿ ಬೆಳೆದ ನನಗೆ ಈ ಮೀನಿನ ಮೇಲೆ ಮೊದಲಿನಿಂದಲೂ ವಿಶೇಷ ಮಮತೆ. ಇದು ವಾಷಿಂಗ್ಟನ್ ರಾಜ್ಯದ ಅಧಿಕೃತ ಮೀನು. ಆದರೆ ಪ್ಯೂಜೆಟ್ ಸೌಂಡ್ ಎಂಬ ಇಲ್ಲಿನ ಕಡಲಕೊಲ್ಲಿಗೆ ಸೇರುವ ನದಿಗಳ ಸ್ಟೀಲ್‌ಹೆಡ್ 2007ರಿಂದ ಅಪಾಯದಲ್ಲಿರುವ ಜೀವಿಗಳ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಮರಿಕೇಂದ್ರದಲ್ಲಿ ಬೆಳೆಸಿದ ಮೀನಿನ ಬೆನ್ನ ಹಿಂಭಾಗದ ಪುಟ್ಟ ಕೊಬ್ಬಿನ ಈಜುರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ಆ ರೆಕ್ಕೆ ಇದ್ದರೆ ಅದು ಕಾಡುಮೀನು, ಅದನ್ನು ನೀರಿನಿಂದ ಪೂರ್ತಿ ಹೊರತೆಗೆಯುವುದೂ ತಪ್ಪು. ಇಷ್ಟನ್ನೂ ಗೈಡ್ ಬೆಳಗಿನ ಕತ್ತಲಲ್ಲಿ ಕಾರಿನ ಪಕ್ಕದಲ್ಲಿ ನಿಂತೇ ಚೆನ್ನಾಗಿ ತಿಳಿಸಿದರು.

ತೊಂದರೆ ಶುರುವಾದದ್ದು ಆಮೇಲೆ. ಎರಡೂ ಕೈಗಳಲ್ಲಿ ಹಿಡಿಯಬೇಕಾದ ಹದಿಮೂರು ಅಡಿಯ, ಸ್ಪೇ ರಾಡ್ ಎಂಬ ಗಾಳದ ಕೋಲನ್ನು, ಅಲ್ಲಿಯವರೆಗೆ ಅದನ್ನು ಮುಟ್ಟಿಯೂ ನೋಡಿರದ ನಮ್ಮ ಕೈಗೆ, ತೊಡೆಮಟ್ಟದ ಕೊರೆಯುವ ನೀರಿನಲ್ಲಿ ಕೊಟ್ಟರು. ಈ ಎಸೆತದಲ್ಲಿ ಲೈನ್ ಹಿಂದಕ್ಕೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ನೀರಿನ ಮೇಲ್ಮೈ ಅದರ ತುದಿಯನ್ನು ಹಿಡಿದಿಡುವ ಬಲದಿಂದಲೇ ರಾಡ್ ಬಾಗಿ ಲೈನನ್ನು ಮುಂದಕ್ಕೆ ಹಾರಿಸಬೇಕು. ಅದರ ಲಯ ಕೂಡಲು ಗಂಟೆಗಟ್ಟಲೆ ಬೇಕು. ಕಾಲಿಗೆ ನೆಲೆ ಸಿಗದೆ, ಬೆರಳು ಮರಗಟ್ಟಿ, ಅರ್ಧ ದಿನ ಅದರಲ್ಲಿಯೇ ಕಳೆಯಿತು. ಮಗಳಿಗೆ ಕೊಟ್ಟ ವೇಡರ್, ಅಂದರೆ ನೀರಿಗಿಳಿಯಲು ತೊಡುವ ಜಲನಿರೋಧಕ ಉಡುಪು, ಮೊಣಕಾಲಿನಲ್ಲಿ ಸೋರುತ್ತಿದ್ದುದರಿಂದ ಅವಳು ಹನ್ನೊಂದು ಗಂಟೆಗೇ ದಡ ಸೇರಬೇಕಾಯಿತು. ಬದಲಿ ಇರಲಿಲ್ಲ, ಹಣವನ್ನೂ ಮರಳಿಸಲಿಲ್ಲ. ಮೀನು ಸಿಗಲಿಲ್ಲವೆಂದು ನನ್ನ ದೂರಲ್ಲ. ಸಾವಿರ ಎಸೆತಕ್ಕೊಂದು ಎಂದು ಹೆಸರಾದ ಮೀನು ಅದು. ಸಿಗುತ್ತದೆಂದು ಅವರೂ ಮಾತು ಕೊಟ್ಟಿರಲಿಲ್ಲ. ಹುಲ್ಲುಗಾವಲಿನಲ್ಲೋ ಕೆರೆಯ ದಡದಲ್ಲೋ ಎರಡು ಗಂಟೆ ಎಸೆತ ಕಲಿಸಿ ಆಮೇಲೆ ನದಿಗೆ ಇಳಿಸಿದ್ದರೆ ಅದೇ ಹಣಕ್ಕೆ ದಿನ ಸಾರ್ಥಕವಾಗುತ್ತಿತ್ತು.

ಮಧ್ಯಾಹ್ನದ ಮೇಲೆ, ಜಲಪಾತದ ಕೆಳಗಿನ ಫಾಲ್ ಸಿಟಿ ಎಂಬ ಊರಿನ ಬಳಿ, ಓರೆಯಾಗಿ ಎಸೆದು, ಫ್ಲೈ ಕಮಾನಿನಂತೆ ದಡದತ್ತ ಬಳಸಿ ಬರುವುದನ್ನು ಕಾದು, ಎರಡು ಹೆಜ್ಜೆ ಕೆಳಗೆ ಸರಿದು ಮತ್ತೆ ಎಸೆಯುವ ಕ್ರಮ ನನಗೆ ತಕ್ಕಮಟ್ಟಿಗೆ ಹಿಡಿತಕ್ಕೆ ಬಂತು. ಆ ಒಂದೂವರೆ ಗಂಟೆ ನಿಜಕ್ಕೂ ಚೆನ್ನಾಗಿತ್ತು.

ಹೋಗುವವರಿಗೆ ಕೆಲವು ಮಾತು. ರಾಜ್ಯದ ಮೀನುಗಾರಿಕೆ ಲೈಸೆನ್ಸ್ ಮತ್ತು ಸ್ಟೀಲ್‌ಹೆಡ್‌ಗೆ ಬೇಕಾದ, ಹಿಡಿದ ಮೀನನ್ನು ದಾಖಲಿಸುವ ಕ್ಯಾಚ್ ಕಾರ್ಡ್ ಈ ಶುಲ್ಕದಲ್ಲಿ ಸೇರಿಲ್ಲ, ಮುಂಚೆಯೇ ಕೊಳ್ಳಬೇಕು; ನಿಯಮಗಳು ಋತುವಿನ ನಡುವೆಯೂ ಬದಲಾಗುವುದರಿಂದ ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಳ್ಳಿ. ವೇಡರ್ ತೊಟ್ಟ ತಕ್ಷಣ ದಡದ ಹತ್ತಿರವೇ ನೀರಿಗಿಳಿದು ಸೋರುತ್ತದೆಯೇ ಎಂದು ಪರೀಕ್ಷಿಸಿ, ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟಿ. ಬಿದ್ದರೆ ನೀರು ಒಳನುಗ್ಗುವುದನ್ನು ತಡೆಯುವುದು ಅದೊಂದೇ. ಜೋಡಿ ಪಾಠದ ಬದಲು ಟ್ರೌಟ್ ಅರ್ಧ ದಿನವನ್ನಷ್ಟೇ ಕೇಳಿದರೂ ಅವರು ಕೊಡುತ್ತಾರೆ. ಉಳಿಸಿದ ಹಣಕ್ಕೆ ಒಂಬತ್ತು ಅಡಿಯ 5-ವೇಟ್ (ಲೈನಿನ ತೂಕದ ಅಳತೆ) ರಾಡ್, ರೀಲ್, ಲೈನ್ ಕೊಂಡು ಒಂದು ಬೇಸಿಗೆ ಪೂರ್ತಿ ಮಿಡ್ಲ್ ಫೋರ್ಕ್‌ನಲ್ಲಿ ಓಡಾಡಿ.